ಹುಲ್ಲುಗಾವಲಿನ ಕಲ್ಲು ಶಾಲೆ
ಅಮೆರಿಕದ ಕಾನ್ಸಾಸ್ ರಾಜ್ಯದ ಫ್ಲಿಂಟ್ ಹಿಲ್ಸ್ ಪ್ರದೇಶದಲ್ಲಿ ಕಣ್ಣು ಹಾಯುವಷ್ಟು ದೂರವೂ ಹುಲ್ಲು. ಅದರ ನಡುವೆ, ದಿಬ್ಬವೊಂದರ ಮೇಲೆ, ಒಂದೇ ಕೋಣೆಯ ಪುಟ್ಟ ಕಲ್ಲು ಕಟ್ಟಡವಿದೆ. ಅದೇ ಲೋವರ್ ಫಾಕ್ಸ್ ಕ್ರೀಕ್ ಶಾಲೆ. 1882ರಲ್ಲಿ ಕಟ್ಟಿದ ಈ ಶಾಲೆಗೆ ಜಾಗ ದಾನ ಮಾಡಿದವರು ಅಲ್ಲಿ ದನಗಳನ್ನು ಸಾಕುತ್ತಿದ್ದ ಜಮೀನುದಾರ ಸ್ಟೀಫನ್ ಜೋನ್ಸ್.

ಕಲ್ಲೇ ಏಕೆ? ಬಯಲಿನಲ್ಲಿ ಮರ ವಿರಳ. ಮಣ್ಣಿನಡಿ ಸುಣ್ಣಕಲ್ಲು ಧಾರಾಳ. 25 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಚಿಪ್ಪು, ಕೆಸರು ಪದರ ಪದರವಾಗಿ ಸಂಗ್ರಹವಾಗಿ ಉಂಟಾದ ಕಲ್ಲು ಅದು. ನೇಗಿಲಿಗೆ ಅಡ್ಡಬಂದು ಹುಲ್ಲುಗಾವಲನ್ನು ಉಳಿಸಿದ್ದೂ ಅದೇ, ಶಾಲೆಗೆ ಗೋಡೆಯಾದದ್ದೂ ಅದೇ.

1884ರಲ್ಲಿ ಪಾಠ ಆರಂಭವಾಯಿತು. ಆದರೆ ಮಕ್ಕಳು ಕಲ್ಲಿನಷ್ಟು ಧಾರಾಳವಾಗಿರಲಿಲ್ಲ. ವರ್ಷಕ್ಕೆ ಹೆಚ್ಚೆಂದರೆ 19, ಕಡಿಮೆಯೆಂದರೆ ಒಂದೇ ಮಗು! ಆ ಒಂದು ಮಗುವಿಗಾಗಿಯೂ ಬಾಗಿಲು ತೆರೆದಿತ್ತು. 1930ರಲ್ಲಿ ಪಾಠ ನಿಂತಿತು. 1974ರಲ್ಲಿ ಕಟ್ಟಡವು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಈಗ ಅದು 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಹುಲ್ಲುಗಾವಲು ರಕ್ಷಿತ ಪ್ರದೇಶದ ಭಾಗ.

46 ವರ್ಷ ಮಕ್ಕಳ ದನಿ ಕೇಳಿದ ಗೋಡೆಗಳು ಇಂದಿಗೂ ನಿಂತಿವೆ. ನಮ್ಮೂರ ಶಾಲೆಯ ಗೋಡೆ ಯಾವ ಕಲ್ಲಿನದು, ಜಾಗ ಕೊಟ್ಟವರು ಯಾರು? ಇಂದು ಸಂಜೆ ಮನೆಯ ಹಿರಿಯರನ್ನು ಕೇಳಿ ನೋಡಿ.