ನಿಮಗಿದು ಗೊತ್ತೆ? ಬೈಲಕುಪ್ಪೆಯಲ್ಲಿ ಜೀವಕ್ಕೆ ಹಲವು ಹೆಸರು

ಸ್ವದೇಶವನ್ನು ತೊರೆದು ಬಂದ ಟಿಬೆಟನ್ನರು 1961ರ ವೇಳೆಗೆ ಕಾಡನ್ನು ಸವರಿ, ಮುಸುಕಿನ ಜೋಳ ಬಿತ್ತಿ ನೆಲೆನಿಂತ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ನಮ್ಮ ಪ್ರಾಣ, ಆಯುಸ್ಸು, ಬದುಕುಗಳಂತೆಯೇ ಜೀವವೆಂಬ ಭಾವಕ್ಕೆ ಹಲವು ನುಡಿಗಳುಂಟು. ದೇಹವನ್ನು ಧರಿಸಿರುವ ಪ್ರಾಣವು ‘ಸೋಕ್’. ಉಂಡುಟ್ಟು ಸಾಗಿಸುವ ಬದುಕು ‘ತ್ಸೋವಾ’. ಜನನದಿಂದ ಮರಣದವರೆಗಿನ ಆಯುಸ್ಸು ‘ತ್ಸೆ’. ಇವುಗಳಲ್ಲಿ ಕಡೆಯದರ ಮಹಿಮೆ ದೊಡ್ಡದು. 1963ರಲ್ಲಿ ಪೆನೋರ್ ರಿನ್‌ಪೋಚೆಯವರು ಸ್ಥಾಪಿಸಿದ ನಾಮ್‌ದ್ರೋಲಿಂಗ್ ವಿಹಾರದ ಸ್ವರ್ಣಮಂದಿರದಲ್ಲಿ, ಶಾಕ್ಯಮುನಿ ಬುದ್ಧ ಮತ್ತು ಪದ್ಮಸಂಭವರೊಡನೆ, ಮಡಿಲಲ್ಲಿ ಜೋಡಿಸಿದ ಕೈಗಳ ಮೇಲೆ ಅಮೃತಕಲಶವನ್ನಿರಿಸಿಕೊಂಡು ವಿರಾಜಿಸುವ ಅಮಿತಾಯುವನ್ನು ಟಿಬೆಟನ್ನರು ಕರೆಯುವುದು ‘ತ್ಸೆಪಾಮೆ’ ಎಂದು. ಅಂದರೆ ಅಳತೆಗೆ ನಿಲುಕದ ಆಯುಸ್ಸುಳ್ಳವನು. ಕಟುಕನ ಪಾಲಾಗಲಿದ್ದ ಪಶುವನ್ನು ಹಣತೆತ್ತು ಬಿಡಿಸಿ, ಅದರ ಆಯುಷ್ಯವಿರುವಷ್ಟು ಕಾಲ ಬಾಳಗೊಡುವ ಪುಣ್ಯಕಾರ್ಯವನ್ನೂ ಟಿಬೆಟನ್ನರು ಇದೇ ‘ತ್ಸೆ’ಯಿಂದ ‘ತ್ಸೆತಾರ್’ ಎನ್ನುತ್ತಾರೆ.