ಉದ್ದ ಓಟದ ನಂತರ, ರಿಲೇ ಓಟಕ್ಕೆ ಮುಂಚೆ

ಭಾನುವಾರ ಬೆಳಿಗ್ಗೆ ಹದಿನೈದು ಕಿಲೋಮೀಟರ್ ಓಡಿ ಬಂದಿದ್ದೀರಿ ಎಂದುಕೊಳ್ಳಿ. ಮುಂದಿನ ಭಾನುವಾರ ಕಾಲೇಜಿನ ತಂಡದ ಪರವಾಗಿ ರಸ್ತೆ ರಿಲೇಯಲ್ಲಿ ನಿಮ್ಮ ಪಾಲಿನ ಐದು ಕಿಲೋಮೀಟರ್ ಓಡಬೇಕಾಗಿದೆ. ನಡುವಿನ ಆರು ದಿನಗಳನ್ನು ಹೇಗೆ ಕಳೆಯಬೇಕು? ಇನ್ನಷ್ಟು ಓಡಬೇಕು ಎಂಬುದೇ ಹೆಚ್ಚಿನವರ ಉತ್ತರ. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪುಸ್ತಕ ತಿರುವಿ ಹಾಕುವ ರೂಢಿಯನ್ನು ನಾವು ಮೈದಾನಕ್ಕೂ ಕೊಂಡೊಯ್ಯುತ್ತೇವೆ. ಓದಿನಲ್ಲಿ ಅದು ಒಮ್ಮೊಮ್ಮೆ ನಡೆದುಹೋಗುತ್ತದೆ. ಕಾಲುಗಳ ವಿಷಯದಲ್ಲಿ ನಡೆಯುವುದಿಲ್ಲ. ಓಡುವಾಗ ದೇಹ ಸವೆಯುತ್ತದೆ. ಅದು ಬಲವಾಗುವುದು ಆಮೇಲಿನ ವಿಶ್ರಾಂತಿಯಲ್ಲಿ.

ಉದ್ದ ಓಟ ದೇಹದೊಳಗೆ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ನಾವು ಉಣ್ಣುವ ಅನ್ನ, ರಾಗಿ, ಜೋಳಗಳ ಪಿಷ್ಟವು ಸಕ್ಕರೆಯಾಗಿ ಒಡೆದು, ಗ್ಲೈಕೋಜೆನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಸಂಗ್ರಹವಾಗುತ್ತದೆ. ವಯಸ್ಕರ ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಕಣಜ ಇಷ್ಟೇ. ಒಂದೂವರೆ ಗಂಟೆಯ ಓಟದಲ್ಲಿ ಇದರ ದೊಡ್ಡ ಪಾಲು ಖರ್ಚಾಗುತ್ತದೆ. ಪ್ರತಿ ಗ್ರಾಂ ಗ್ಲೈಕೋಜೆನ್ನಿನೊಂದಿಗೆ ಸುಮಾರು 3 ಗ್ರಾಂ ನೀರೂ ಸೇರಿರುತ್ತದೆ. ಓಡಿ ಬಂದ ಕೂಡಲೇ ತೂಕ ನೋಡಿ ಕೊಬ್ಬು ಕರಗಿತೆಂದು ಹಿಗ್ಗುವವರಿದ್ದಾರೆ; ಹೋದದ್ದು ಬಹುಪಾಲು ನೀರು.

ಈ ಕಣಜ ಮತ್ತೆ ತುಂಬಲು ಒಂದು ದಿನವೋ ಅದಕ್ಕೂ ಹೆಚ್ಚೋ ಬೇಕಾಗುತ್ತದೆ. ಓಟ ಮುಗಿದ ಮೊದಲ ಒಂದೆರಡು ಗಂಟೆಗಳಲ್ಲಿ ಸ್ನಾಯುಗಳು ಸಕ್ಕರೆಯನ್ನು ಬೇಗ ಹೀರಿಕೊಳ್ಳುತ್ತವೆ. ಆದ್ದರಿಂದ ಸ್ನಾನ ಮಾಡಿ ಮಲಗಿ, ಮಧ್ಯಾಹ್ನ ಎದ್ದು ಊಟ ಮಾಡುವುದು ಸರಿಯಲ್ಲ. ಬಾಳೆಹಣ್ಣು, ಅವಲಕ್ಕಿ, ಮೊಸರನ್ನ, ಜೊತೆಗೆ ಹೆಸರುಕಾಳಿನ ಉಸಲಿ ಅಥವಾ ಬೇಯಿಸಿದ ಮೊಟ್ಟೆ ಸಾಕು; ಅಂಗಡಿಯ ದುಬಾರಿ ಪುಡಿಗಳು ಬೇಕಾಗಿಲ್ಲ. ಉಪ್ಪು ಬೆರೆಸಿದ ಮಜ್ಜಿಗೆ ಒಳ್ಳೆಯದು, ಬೆವರಿನಲ್ಲಿ ನೀರಿನೊಂದಿಗೆ ಉಪ್ಪೂ ಹೋಗಿರುತ್ತದೆ. ಬಾಯಾರಿಕೆ ಇಲ್ಲದಿದ್ದರೂ ಬರಿ ನೀರನ್ನು ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತಗ್ಗುತ್ತದೆ, ಅದೂ ಅಪಾಯಕಾರಿ.

ಇನ್ನು ನೋವಿನ ಮಾತು. ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಂಡರೆ, ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ ಎನ್ನುವುದು ವಾಡಿಕೆ. ಈ ಮಾತು ಇಂದಿಗೂ ಮೈದಾನಗಳಲ್ಲಿ ಕೇಳಿಬರುತ್ತದೆ, ಅದು ತಪ್ಪು. ಓಟ ನಿಂತ ಸುಮಾರು ಒಂದು ಗಂಟೆಯಲ್ಲೇ ರಕ್ತದಲ್ಲಿ ಅದರ ಪ್ರಮಾಣ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ನೋವಿಗೆ ಕಾರಣ ಸ್ನಾಯುವಿನ ಎಳೆಗಳಲ್ಲಿ ಆದ ಅತಿ ಸೂಕ್ಷ್ಮವಾದ ಹಾನಿ ಮತ್ತು ಅದನ್ನು ಸರಿಪಡಿಸುವಾಗ ಉಂಟಾಗುವ ಉರಿಯೂತ. ಇದು ಒಂದರಿಂದ ಮೂರು ದಿನಗಳ ನಡುವೆ ಅತಿ ಹೆಚ್ಚಾಗಿರುತ್ತದೆ. ಇಳಿಜಾರಿನಲ್ಲಿ ಓಡಿದ್ದರೆ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಸ್ನಾಯು ಉದ್ದವಾಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುತ್ತದೆ. ಈ ದುರಸ್ತಿಗೆ ನಿದ್ರೆಗಿಂತ ಉತ್ತಮ ಔಷಧವಿಲ್ಲ. ನೋವಿನ ಮಾತ್ರೆ ನುಂಗಿ ಓಡಲು ಹೋಗಬೇಡಿ. ನೀರಿನಂಶ ಕುಗ್ಗಿದ ದೇಹದಲ್ಲಿ ಅಂಥ ಕೆಲವು ಮಾತ್ರೆಗಳು ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲವು.

ದಣಿದ ದೇಹದಿಂದ ಸ್ಪರ್ಧೆಗೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಪ್ರಸಿದ್ಧ ಉದಾಹರಣೆಯೊಂದಿದೆ, ಮತ್ತು ಅದು ರಿಲೇ ಓಟಕ್ಕೇ ಬಂದು ಸೇರುತ್ತದೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಮ್ಯಾರಥಾನಿಗೆ ಜಪಾನಿನ ವಿದ್ಯಾರ್ಥಿ ಶಿಜೊ ಕನಕುರಿ ಹಡಗು, ರೈಲುಗಳಲ್ಲಿ ಎರಡು ವಾರಕ್ಕೂ ಮೀರಿದ ಪ್ರಯಾಣ ಮಾಡಿ ಬಂದಿದ್ದರು. ಓಟದ ದಿನ ವಿಪರೀತ ಬಿಸಿಲು. ನಡುದಾರಿಯಲ್ಲಿ ಸೋತ ಕನಕುರಿ, ಒಂದು ಮನೆಯವರ ಆತಿಥ್ಯ ಪಡೆದು, ಅಧಿಕಾರಿಗಳಿಗೆ ತಿಳಿಸದೆ ಊರಿಗೆ ಮರಳಿದರು. ಅದೇ ಓಟದಲ್ಲಿ ಕುಸಿದ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜರೊ ಮರುದಿನ ತೀರಿಕೊಂಡರು. ಸ್ವೀಡನ್ನಿನವರು 1967ರಲ್ಲಿ ಕನಕುರಿಯವರನ್ನು ಕರೆಸಿ ಓಟ ಮುಗಿಸಲು ಹೇಳಿದರು. ಹೀಗಾಗಿ ಅವರ ಮ್ಯಾರಥಾನ್ 54 ವರ್ಷ 8 ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು!

ಉದ್ದ ಓಟಗಾರರನ್ನು ತಯಾರು ಮಾಡಬೇಕೆಂದು ಇದೇ ಕನಕುರಿ ಮುಂದೆ ನಿಂತು 1920ರಲ್ಲಿ ಆರಂಭಿಸಿದವರಲ್ಲಿ ಒಬ್ಬರಾದದ್ದು ಹಾಕೊನೆ ಎಕಿಡೆನ್ ಎಂಬ ರಿಲೇ. ಮೊದಲ ವರ್ಷ ನಾಲ್ಕೇ ತಂಡಗಳಿದ್ದವು. ಇಂದು ಪ್ರತಿ ಜನವರಿ 2 ಮತ್ತು 3ರಂದು ವಿಶ್ವವಿದ್ಯಾಲಯಗಳ ತಂಡಗಳು ಟೋಕಿಯೊದಿಂದ ಹಾಕೊನೆ ಬೆಟ್ಟದ ಸರೋವರದವರೆಗೆ ಹೋಗಿ ಮರಳುತ್ತವೆ. ಹತ್ತು ವಿದ್ಯಾರ್ಥಿಗಳು, ಒಟ್ಟು 217 ಕಿಲೋಮೀಟರ್. ಅಲ್ಲಿ ಬೇಟನ್ ಇಲ್ಲ, ಹೆಗಲಿಗೆ ಅಡ್ಡಲಾಗಿ ಧರಿಸುವ ಬಟ್ಟೆಯ ಪಟ್ಟಿ ಇದೆ. ಹಿಂದಿನವನು ನಿಗದಿತ ಹೊತ್ತಿನೊಳಗೆ ಠಾಣೆ ಮುಟ್ಟದಿದ್ದರೆ, ಮುಂದಿನವನು ತಂಡದ ಪಟ್ಟಿಯಿಲ್ಲದೆ ಬೇರೊಂದನ್ನು ತೊಟ್ಟು ಹೊರಡಬೇಕು. ಒಬ್ಬ ದಾರಿಯಲ್ಲಿ ಕುಸಿದರೆ ಉಳಿದ ಒಂಬತ್ತು ಮಂದಿಯ ಓಟಕ್ಕೂ ಅಧಿಕೃತ ಸ್ಥಾನ ಸಿಗದು. ಒಬ್ಬನೇ ಓಡುವಾಗ ದಣಿವನ್ನು ಅಡಗಿಸಿಟ್ಟರೆ ನಷ್ಟ ಅವನಿಗೆ ಮಾತ್ರ, ಇಲ್ಲಿ ಹಾಗಲ್ಲ. ಕಾಲು ನೋಯುತ್ತಿದ್ದರೆ ತರಬೇತುದಾರರಿಗೆ ಬುಧವಾರವೇ ಹೇಳಿ, ಭಾನುವಾರ ಬೆಳಿಗ್ಗೆ ಅಲ್ಲ.

ಹಾಗಾದರೆ ನಿಮ್ಮ ಆರು ದಿನಗಳು? ಸೋಮವಾರ ನಡಿಗೆ ಮಾತ್ರ. ಮಂಗಳವಾರ ನೋವು ಇಳಿದಿದ್ದರೆ ಮಾತನಾಡುತ್ತಾ ಓಡಬಹುದಾದ ವೇಗದಲ್ಲಿ ಅರ್ಧ ಗಂಟೆ. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ಎಂದಿನದಕ್ಕಿಂತ ನಿಮಿಷಕ್ಕೆ ಎಂಟು ಹತ್ತು ಬಡಿತ ಹೆಚ್ಚಿದ್ದರೆ ದೇಹ ಇನ್ನೂ ಚೇತರಿಸಿಕೊಂಡಿಲ್ಲದಿರಬಹುದು, ಆ ದಿನ ಬಿಡುವು ಕೊಡಿ. ಗುರುವಾರ ಸ್ಪರ್ಧೆಯ ವೇಗದಲ್ಲಿ ಒಂದೋ ಎರಡೋ ಕಿಲೋಮೀಟರ್ ಓಡಿದರೆ ಸಾಕು, ಕಾಲಿಗೆ ಆ ವೇಗದ ನೆನಪಿರಲಿ ಎಂದಷ್ಟೇ. ಶುಕ್ರವಾರ ಓಟ ಬೇಡ. ಶನಿವಾರ ತಂಡದವರೆಲ್ಲ ಸೇರಿ ಹಸ್ತಾಂತರವನ್ನು ಹತ್ತು ಹದಿನೈದು ಸಲ ಅಭ್ಯಾಸ ಮಾಡಿ.

ಹಸ್ತಾಂತರವೆಂದರೆ ಬರಿ ಕೈಚಳಕವಲ್ಲ. ಕರ್ನಾಟಕದ ಎಂ. ಆರ್. ಪೂವಮ್ಮ 2014 ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ 4×400 ಮೀಟರ್ ರಿಲೇಯನ್ನೇ ನೋಡಿ. ಅಲ್ಲಿ ಬೇಟನ್ ಪಡೆಯುವವರು ಹಿಂದಿರುಗಿ ನೋಡುತ್ತಾರೆ. ಬರುವವರು ಎಷ್ಟು ಸೋತಿದ್ದಾರೆಂದು ಅಳೆದು ಅದಕ್ಕೆ ತಕ್ಕಂತೆ ಹೊರಡುತ್ತಾರೆ. ರಸ್ತೆ ರಿಲೇಯಲ್ಲೂ ಇದೇ ಕ್ರಮ.

ರಸ್ತೆ ರಿಲೇಯಲ್ಲಿ ಇನ್ನೊಂದು ಕಷ್ಟವಿದೆ, ಕಾಯುವುದು. ಓಟಕ್ಕೆ ಮೂರು ಗಂಟೆ ಮೊದಲು ಹಗುರವಾಗಿ ತಿಂದು ಬಂದಿರುತ್ತೀರಿ, ಆದರೆ ನಿಮ್ಮ ಸರದಿ ಯಾವಾಗ ಎಂಬುದು ಹಿಂದಿನವರ ಕಾಲಿನಲ್ಲಿದೆ. ಆದ್ದರಿಂದ ಪ್ರತಿಯೊಬ್ಬರ ಅಂದಾಜು ಸಮಯವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ನಿಮ್ಮ ಹಿಂದಿನವರಿಗೆ 25 ನಿಮಿಷ ಬೇಕೆಂದಾದರೆ, ಅವರು ಹೊರಟ ಹತ್ತು ನಿಮಿಷಕ್ಕೆ ನೀವು ನಿಧಾನ ಓಟ ಶುರು ಮಾಡಿ. ಕೊನೆಯ ಐದು ನಿಮಿಷದಲ್ಲಿ ಮೂರು ನಾಲ್ಕು ಚುರುಕಾದ ಗಿಡ್ಡ ಓಟಗಳು. ಅಲ್ಲಿಯವರೆಗೆ ನೆರಳಿನಲ್ಲಿ ಕುಳಿತಿರಿ, ಗೆಳೆಯರನ್ನು ಹುರಿದುಂಬಿಸಲು ರಸ್ತೆಯುದ್ದಕ್ಕೂ ಓಡಾಡಬೇಡಿ. ನಿಮ್ಮ ಪಾಲು ಮುಗಿಸಿ ಬೇಟನ್ ಕೊಟ್ಟ ಮೇಲೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು, ಕುಸಿದು ಕೂರದೆ ಐದಾರು ನಿಮಿಷ ನಡೆದಾಡಿ. ಬಾಳೆಹಣ್ಣೂ ಮಜ್ಜಿಗೆಯೂ ಚೀಲದಲ್ಲಿರಲಿ.