ಎರೆ ಭೂಮಿಯ ರೈತನಿಗೆ ಮೊದಲ ಫೋರ್‌ವ್ಹೀಲ್ ಜೀಪು: ಹಳೆಯದನ್ನು ಆರಿಸುವ ಬಗೆ

ಜಕ್ಕಲಿ, ನರೇಗಲ್ಲ ಭಾಗದ ಎರೆ ಭೂಮಿಯ ಗುಣ ಅಲ್ಲಿಯ ರೈತರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ಇದೇ ನೆಲ, ಒಂದು ಒಳ್ಳೆಯ ಮಳೆಯಾದೊಡನೆ ಉಬ್ಬಿ ಚಪ್ಪಲಿಗೆ ಸೇರುಗಟ್ಟಲೆ ಅಂಟಿಕೊಳ್ಳುತ್ತದೆ. ಹೆಸರು ಕಾಯಿ ಬಿಡಿಸುವ ಕಾಲಕ್ಕೆ ಮಳೆ ಹಿಡಿಯಿತೆಂದರೆ ಹೊಲದ ದಾರಿ ಬಂದಾಗುತ್ತದೆ; ಮೋಟಾರ್ ಸೈಕಲ್ಲಿನ ಗಾಲಿ ಮಡ್‌ಗಾರ್ಡಿಗೆ ಕಚ್ಚಿ ನಿಲ್ಲುತ್ತದೆ, ಚಕ್ಕಡಿಯ ಎತ್ತುಗಳು ಮುಗ್ಗರಿಸುತ್ತವೆ. ಇಂಥ ದಿನಗಳಲ್ಲಿ ಒಂದು ಹಳೆಯ ಫೋರ್‌ವ್ಹೀಲ್ ಜೀಪು ಕೊಂಡರೆ ಹೇಗೆ ಎಂಬ ವಿಚಾರ ಅನೇಕ ರೈತರಿಗೆ ಬರುವುದು ಸಹಜ. ಹೊಸ ವಾಹನದ ಬೆಲೆ ಸಾಮಾನ್ಯ ಒಕ್ಕಲು ಮನೆತನಕ್ಕೆ ನಿಲುಕುವಂಥದಲ್ಲವಾದ್ದರಿಂದ ಕಣ್ಣು ಹೋಗುವುದು ಬಳಸಿದ ಗಾಡಿಯ ಕಡೆಗೇ. ಆದರೆ ಇಂಥ ಕೊಳ್ಳುವಿಕೆಯಲ್ಲಿ ಒಂದು ಹಂಗಾಮಿನ ಕಡಲೆಯ ಹಣ ಪೂರ್ತಿ ಮುಳುಗಿಹೋಗುವ ಸಂಭವವೂ ಉಂಟು. ಆದ್ದರಿಂದ ಕೊಳ್ಳುವ ಮೊದಲು ಕೆಲವು ಸಂಗತಿಗಳನ್ನು ಸರಿಯಾಗಿ ತಿಳಿದುಕೊಳ್ಳುವುದು ಅವಶ್ಯ.

ನಾಲ್ಕೂ ಗಾಲಿ ತಿರುಗಿದರೆ ಆಗುವುದೇನು?

ಸಾಮಾನ್ಯ ಜೀಪಿನಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಹೋಗುತ್ತದೆ. ಫೋರ್‌ವ್ಹೀಲ್ ಗಾಡಿಯಲ್ಲಿ ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇದ್ದು, ಅದು ಬೇಕಾದಾಗ ಮುಂದಿನ ಆಕ್ಸಲ್ಲಿಗೂ ಶಕ್ತಿಯನ್ನು ಹಂಚುತ್ತದೆ. ಅದರಲ್ಲಿಯೇ 'ಲೋ' ಎಂಬ ಸಣ್ಣ ಗೇರು ಇರುತ್ತದೆ. ಇದನ್ನು ಹಾಕಿದಾಗ ಗಾಡಿ ಮನುಷ್ಯ ನಡೆಯುವ ವೇಗಕ್ಕಿಳಿದು, ಎಳೆಯುವ ಬಲ ಇಮ್ಮಡಿಗೂ ಮಿಗಿಲಾಗುತ್ತದೆ. ಗಜೇಂದ್ರಗಡದ ಕಡೆಯ ಮಸಾರಿ ಮತ್ತು ಕಲ್ಲುಗುಡ್ಡದ ದಾರಿಗಳಲ್ಲಿ ಈ ಸಣ್ಣ ಗೇರಿನ ಬೆಲೆ ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ಗಾಲಿಗೆ ಹಿಡಿತವಿದೆ, ಬೇಕಾಗುವುದು ಬಲ.

ಎರೆ ಭೂಮಿಯ ಸಂಗತಿ ಬೇರೆ. ಇಲ್ಲಿ ಬಲ ಎಷ್ಟಿದ್ದರೂ ಹಿಡಿತವಿಲ್ಲ. ಈ ಮಣ್ಣಿನಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜಿಗುಟು ಕಣಗಳಿದ್ದು, ನೀರು ಕುಡಿದಾಗ ಅವು ಉಬ್ಬಿ ಒಂದರ ಮೇಲೊಂದು ಜಾರುತ್ತವೆ. ಟಾಯರಿನ ಕಚ್ಚುಗಳು ಒಂದೆರಡು ಸುತ್ತಿಗೇ ಮಣ್ಣಿನಿಂದ ತುಂಬಿ, ಗಾಲಿ ನುಣ್ಣಗಿನ ಕರಿ ಗುಂಡಿನಂತಾಗುತ್ತದೆ. ಆಗ ಎರಡು ಗಾಲಿ ಜಾರುವ ಬದಲು ನಾಲ್ಕು ಗಾಲಿ ಜಾರುತ್ತವೆ, ಅಷ್ಟೇ. ಅಲ್ಲದೆ ಸಾಮಾನ್ಯ ಡಿಫರೆನ್ಶಿಯಲ್ ಇರುವ ಆಕ್ಸಲ್ಲಿನಲ್ಲಿ ಒಂದು ಗಾಲಿ ಜಾರತೊಡಗಿದರೆ ಅದೇ ಬರಿದೆ ತಿರುಗುತ್ತಾ, ಇನ್ನೊಂದು ಗಾಲಿ ಸುಮ್ಮನೆ ನಿಲ್ಲುತ್ತದೆ.

ಆದ್ದರಿಂದ ಈ ಭಾಗದ ರೈತರು ಮೊದಲು ಮನಗಾಣಬೇಕಾದುದು ಇದು: ಎರೆ ನೆಲದಲ್ಲಿ ಫೋರ್‌ವ್ಹೀಲ್ ಇರುವುದು ಹಸಿ ಹೊಲದೊಳಗೆ ನುಗ್ಗಲಿಕ್ಕಲ್ಲ, ಸಿಕ್ಕಿಕೊಂಡಾಗ ಹೊರಗೆ ಬರಲಿಕ್ಕೆ. ಎರಡೇ ಗಾಲಿಯ ಮೇಲೆ ಹೋಗಬೇಕು; ಅದು ಸಾಲದೆಂದು ಕಂಡಾಗ ಫೋರ್‌ವ್ಹೀಲ್ ಹಾಕಿ ಹಿಂದಿರುಗಬೇಕು. ಮೊದಲಿನಿಂದಲೇ ಫೋರ್‌ವ್ಹೀಲ್ ಹಾಕಿಕೊಂಡು ಮುಂದೆ ಮುಂದೆ ಹೋದ ಗಾಡಿ ಕೊನೆಗೆ ಹುಗಿಯುವುದು ಟ್ರ್ಯಾಕ್ಟರೂ ಬರಲಾಗದ ಜಾಗದಲ್ಲಿ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಹಿಂಗಾರಿಯ ಕಡಲೆ, ಬಿಳಿಜೋಳ, ಕುಸುಬೆ ಇವೆಲ್ಲ ಬಹುಮಟ್ಟಿಗೆ ನೆಲದಲ್ಲಿ ಕೂಡಿಟ್ಟ ತೇವದ ಮೇಲೆಯೇ ಬೆಳೆಯತಕ್ಕವು. ಹಸಿ ಇದ್ದಾಗ ಭಾರದ ಗಾಲಿ ಹಾಯ್ದ ಕಡೆ ಮಣ್ಣಿನ ರಂಧ್ರಗಳು ಮುಚ್ಚಿ ನೆಲ ಬಿಗಿಯುತ್ತದೆ. ಅಲ್ಲಿ ನೀರು ಇಂಗದೆ ನಿಲ್ಲುತ್ತದೆ, ಒಣಗಿದಾಗ ಹೆಂಟೆ ಏಳುತ್ತದೆ, ಬೇರು ಕೆಳಗಿಳಿಯುವುದಿಲ್ಲ. ಸಪ್ಟೆಂಬರಿನಲ್ಲಿ ಬಿದ್ದ ಜಾಡನ್ನು ಡಿಸೆಂಬರಿನ ಕಡಲೆ ಸಾಲಿನಲ್ಲಿ ಗುರುತಿಸಬಹುದು. ಗಾಡಿಗೆ ಬದುವಿನ ಪಕ್ಕದಲ್ಲಿ ಒಂದೇ ಜಾಡು ಗೊತ್ತುಮಾಡಿ, ವರ್ಷವಿಡೀ ಅದರಲ್ಲಿಯೇ ಓಡಾಡುವುದು ಲೇಸು.

ನಿಜಕ್ಕೂ ಬೇಕೇ?

ಜಕ್ಕಲಿಯ ಒಬ್ಬ ರೈತನಿಗೆ ಊರಿನಿಂದ ಮೂರು ಕಿಲೋಮೀಟರ್ ದೂರದಲ್ಲಿ ಹನ್ನೆರಡು ಎಕರೆ ಹೊಲವಿದೆ, ಸ್ವಂತ ಟ್ರ್ಯಾಕ್ಟರ್ ಇಲ್ಲ ಎಂದಿಟ್ಟುಕೊಳ್ಳೋಣ. ಸಿಂಪರಣಾ ಯಂತ್ರ, ಎರಡು ಬ್ಯಾರಲ್ ನೀರು, ಮನೆಯ ನಾಲ್ಕು ಜನ, ಸುಗ್ಗಿಯಲ್ಲಿ ಐದಾರು ಚೀಲ ಇವಿಷ್ಟು ಅವನ ಸಾಗಣೆ. ಇಂಥವನು ಒಂದು ವರ್ಷ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಬೇಕು: ದಾರಿ ಕೆಟ್ಟು ಕೆಲಸ ನಿಂತ ದಿನಗಳೆಷ್ಟು? ಅವುಗಳಲ್ಲಿ ಒಂದೆರಡು ದಿನ ಕಾಯ್ದರೆ ನಡೆಯುತ್ತಿದ್ದವು ಎಷ್ಟು? ಕಾಯಲಾಗದ ದಿನಗಳು ಕೈಬೆರಳಿನಲ್ಲಿ ಎಣಿಸುವಷ್ಟೇ ಇದ್ದರೆ ಬಾಡಿಗೆಯ ಟ್ರ್ಯಾಕ್ಟರೇ ಅಗ್ಗ. ಹೊಲದ ದಾರಿಗೆ ಗರಸು ಹಾಕಿಸಲು ಪಂಚಾಯತಿಯ ಮೂಲಕ ಪ್ರಯತ್ನಿಸಿದರೆ ಎಲ್ಲರ ಹೊಲಕ್ಕೂ ಅನುಕೂಲ. ಇದನ್ನು ಹೇಳಿದರೆ ಜೀಪಿನ ಹುರುಪಿನಲ್ಲಿರುವವರಿಗೆ ರುಚಿಸಲಿಕ್ಕಿಲ್ಲ; ಆದರೂ ಲೆಕ್ಕ ಲೆಕ್ಕವೇ.

ಆಸ್ಪತ್ರೆ, ಶಾಲೆ, ಸಂತೆ, ಹೊಲ ಎಲ್ಲಕ್ಕೂ ಒಂದೇ ಗಾಡಿ ಬೇಕೆನ್ನುವವರು, ಹೊಲದಲ್ಲಿಯೇ ಮನೆ ಮಾಡಿಕೊಂಡವರು ಮುಂದಿನ ವಿಚಾರಕ್ಕೆ ಬರಬಹುದು.

ಸಿಗುವ ಗಾಡಿಗಳು

ಬಳಸಿದ ಗಾಡಿಗಳಲ್ಲಿ ಮುಖ್ಯವಾಗಿ ಎರಡು ಮನೆತನಗಳು. ಒಂದು, ಮಹೀಂದ್ರಾ ಜೀಪುಗಳು. ಎಂ.ಎಂ. 540 ಮುಂತಾದ ಹಳೆಯವುಗಳಲ್ಲಿ 2112 ಸಿ.ಸಿ.ಯ ಪೂಜೋ ಡೀಸೆಲ್ ಎಂಜಿನ್ ಬರುತ್ತಿತ್ತು. ಅದು ಮೆತ್ತಗೆ ಓಡುವ ಒಳ್ಳೆಯ ಎಂಜಿನ್ನೇ, ಆದರೆ ಈಗ ಅದರ ಬಿಡಿಭಾಗ ಹುಡುಕಬೇಕಾಗುತ್ತದೆ. 2523 ಸಿ.ಸಿ.ಯ ಡಿ.ಐ. ಎಂಜಿನ್ ಸದ್ದು ಹೆಚ್ಚು ಮಾಡಿದರೂ, ಬೊಲೆರೊದಲ್ಲಿಯೂ ಅದೇ ಬಂದದ್ದರಿಂದ ಹೋಬಳಿ ಮಟ್ಟದ ಮೇಸ್ತ್ರಿಗೂ ಅದರ ಪರಿಚಯವಿದೆ. ರೈತನಿಗೆ ಇದೇ ವಾಸಿ. 2010ರಲ್ಲಿ ಬಂದ ಥಾರ್ ಗಾಡಿಯಲ್ಲಿ ಈ ಡಿ.ಐ. ಎಂಜಿನ್ನಿನ ಮಾದರಿ ಎರಡು ಗಾಲಿಯದೂ ನಾಲ್ಕು ಗಾಲಿಯದೂ ಇದ್ದವು. ಹೆಸರು ನೋಡಿ ಮೋಸಹೋಗಬಾರದು. ಬೊಲೆರೊ ಕ್ಯಾಂಪರಿನಲ್ಲಿಯೂ ಫೋರ್‌ವ್ಹೀಲ್ ಬಂದಿದೆ. ಅದು ಭಾರದ ಗಾಡಿ, ಆದರೆ ಹಿಂದೆ ಚೀಲ ಹೇರಲು ಅನುಕೂಲ.

ಎರಡನೆಯದು ಮಾರುತಿ ಜಿಪ್ಸಿ. 1985ರ ಕೊನೆಗೆ 970 ಸಿ.ಸಿ.ಯ ಎಂಜಿನ್ನಿನೊಡನೆ ಬಂದು, 1990ರ ದಶಕದಲ್ಲಿ 1298 ಸಿ.ಸಿ.ಗೆ ಏರಿತು, 2019ರ ಹೊತ್ತಿಗೆ ಸಾರ್ವಜನಿಕ ಮಾರಾಟ ನಿಂತಿತು. ಇದರ ತೂಕ ಸುಮಾರು ಒಂದು ಟನ್ನು. ಎರೆ ಮಣ್ಣಿನಲ್ಲಿ ಈ ಹಗುರುತನವೇ ಎಲ್ಲಕ್ಕಿಂತ ದೊಡ್ಡ ಗುಣ. ನಾಲ್ಕು ಜನ ಕೂಡಿ ತಳ್ಳಿದರೆ ಹೊರಬರುತ್ತದೆ. ದೋಷವೆಂದರೆ ಪೆಟ್ರೋಲ್ ಖರ್ಚು, ಎಲುಬು ಅಲುಗಿಸುವ ಕಮಾನು ಪಟ್ಟಿಗಳು, ಕಡಿಮೆ ಹೇರು. ದಿನಾಲೂ ಓಡಿಸುವವನಿಗೆ ಡೀಸೆಲ್ ಜೀಪು, ವಾರಕ್ಕೆರಡು ಬಾರಿ ಹೊಲಕ್ಕೆ ಹೋಗುವವನಿಗೆ ಜಿಪ್ಸಿ ಎಂದು ಸ್ಥೂಲವಾಗಿ ಹೇಳಬಹುದು.

ಹಳ್ಳಿಗಳಲ್ಲಿ ಜನ ಸಾಗಿಸಿದ ಕಮಾಂಡರ್, ಮಾರ್ಷಲ್, ಟ್ರ್ಯಾಕ್ಸ್ ಗಾಡಿಗಳು ಆಕಾರದಲ್ಲಿ ಜೀಪಿನಂತೆಯೇ ಕಂಡರೂ ಬಹುಪಾಲು ಎರಡೇ ಗಾಲಿಯ ಚಾಲನೆಯವು. ಮುಂದೆ ಆಕ್ಸಲ್ ಹಾಕಿಸಿ ಫೋರ್‌ವ್ಹೀಲ್ ಮಾಡಿಕೊಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬಾರದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರು ಕೊಟ್ಟ ಮೂಲ ರಚನೆಯನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಅಂಥ ಗಾಡಿಯ ಎಫ್.ಸಿ. ಮಾಡಿಸುವಾಗಲೂ ವಿಮೆ ಕೇಳುವಾಗಲೂ ತೊಂದರೆ ತಪ್ಪಿದ್ದಲ್ಲ.

ಪರೀಕ್ಷಿಸುವ ಬಗೆ

'ಫೋರ್‌ವ್ಹೀಲ್ ಐತ್ರಿ, ನಾವು ಹಾಕೂದಿಲ್ಲ ಅಷ್ಟ' ಎಂಬುದು ಮಾರುವವರ ಸಾಮಾನ್ಯ ಮಾತು. ಹಾಕದಿರಲು ಕಾರಣವಿರುತ್ತದೆ. ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಬೇಕು. ಮುಂದಿನ ಆಕ್ಸಲ್ಲಿನಲ್ಲಿಯೂ ಹಿಂದಿನಂತೆ ಗುಂಡನೆಯ ಹೌಸಿಂಗ್ ಇದ್ದು, ಟ್ರಾನ್ಸ್‌ಫರ್ ಕೇಸಿನಿಂದ ಅದಕ್ಕೆ ಪ್ರೊಪೆಲರ್ ಶಾಫ್ಟ್ ಕೂಡಿರಬೇಕು. ಎಣ್ಣೆ ಉಳಿಸಲೆಂದು ಈ ಶಾಫ್ಟನ್ನು ಬಿಚ್ಚಿ ಮೂಲೆಗೆ ಹಾಕಿದ ಜೀಪುಗಳು ಕಡಿಮೆಯೇನಿಲ್ಲ.

ಆಮೇಲೆ ಸಮನಾದ ಗಟ್ಟಿ ನೆಲದ ಮೇಲೆ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಬೇಕು. ಗಾಲಿಯ ನಡುವೆ ಕೈಯಿಂದ ತಿರುಗಿಸುವ ಹಬ್ ಬೀಗವಿದ್ದರೆ ಎರಡೂ ಕಡೆ ಹಾಕಬೇಕು. ಎರಡು ಗಾಲಿಯ ಸ್ಥಾನದಲ್ಲಿ ಲಿವರ್ ಇದ್ದಾಗ ಎತ್ತಿದ ಗಾಲಿ ಕೈಗೆ ತಿರುಗುತ್ತದೆ, ಜೊತೆಗೆ ಶಾಫ್ಟೂ ತಿರುಗುತ್ತದೆ. ಫೋರ್‌ವ್ಹೀಲಿಗೆ ಹಾಕಿ ಗೇರಿನಲ್ಲಿಟ್ಟರೆ ಅದು ಅಲ್ಪ ಸಡಿಲದ ಹೊರತು ಅಲುಗಬಾರದು. ಆಗಲೂ ತಿರುಗಿದರೆ ಒಳಗೆ ಏನೋ ಮುರಿದಿದೆ. ಯಾರೂ ಗಾಡಿಯ ಕೆಳಗೆ ತಲೆ ಹಾಕಿರಕೂಡದು. ಗಾಳಿ ಎಳೆತದಿಂದ ತಾನಾಗಿ ಕೂಡುವ ಹಬ್ಬುಗಳಿದ್ದಲ್ಲಿ ಈ ಪರೀಕ್ಷೆ ಸಾಲದು. ಮೆತ್ತನೆಯ ಹೊಲದಲ್ಲಿ ಓಡಿಸಿಯೇ ನೋಡಬೇಕು.

ಓಡಿಸುವಾಗ ಸಣ್ಣ ಗೇರು ಹಾಕಿ, ಇಳಿಜಾರಿನಲ್ಲಿ ಎಕ್ಸಲೇಟರ್ ಬಿಟ್ಟು ನೋಡಬೇಕು. ಲಿವರ್ ತಾನೇ ಹಾರಿ ಹೊರಬಂದರೆ ಟ್ರಾನ್ಸ್‌ಫರ್ ಕೇಸ್ ಸವೆದಿದೆಯೆಂದು ತಿಳಿಯಬೇಕು. ಇದು ದುಬಾರಿ ದುರಸ್ತಿ. ಡಾಂಬರು ರಸ್ತೆಯಲ್ಲಿ ಮಾತ್ರ ಫೋರ್‌ವ್ಹೀಲ್ ಹಾಕಿ ತಿರುವು ತೆಗೆದುಕೊಳ್ಳಬಾರದು. ಮುಂದಿನ ಮತ್ತು ಹಿಂದಿನ ಗಾಲಿಗಳು ತಿರುವಿನಲ್ಲಿ ಬೇರೆ ಬೇರೆ ದೂರ ಸಾಗುವುದರಿಂದ ಹಲ್ಲುಗಳ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಇದೇ ಕಾರಣದಿಂದ ನಾಲ್ಕೂ ಟಾಯರುಗಳು ಒಂದೇ ಅಳತೆಯವು, ಒಂದೇ ಸವೆತದವು ಇರತಕ್ಕದ್ದು.

ಡಿಫರೆನ್ಶಿಯಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ಎಣ್ಣೆಯನ್ನು ಸ್ವಲ್ಪ ಇಳಿಸಿ ನೋಡಬೇಕು. ಹಾಲು ಬೆರೆಸಿದ ಚಹದ ಬಣ್ಣವಿದ್ದರೆ ಹಳ್ಳದ ನೀರು ಒಳಹೊಕ್ಕಿದೆ. ಚಾಸಿಯಲ್ಲಿ ಕಮಾನು ಪಟ್ಟಿ ಕೂಡುವ ಕಡೆ ಬಿರುಕು, ವೆಲ್ಡಿಂಗ್ ಇದೆಯೇ ಎಂದು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಕರಾವಳಿಯಿಂದ ಬಂದ ಗಾಡಿಯಾದರೆ ತುಕ್ಕಿನ ಕಡೆ ಇನ್ನೂ ಹೆಚ್ಚು ಗಮನ ಬೇಕು. ಹೊಸ ಬಣ್ಣ, ದಪ್ಪ ಟಾಯರು, ಸಾಲು ಸಾಲು ದೀಪ ಇವುಗಳಿಗೆ ಬೆಲೆ ಕಟ್ಟಬಾರದು. ದಪ್ಪ ಟಾಯರಿಗಿಂತ ಕಚ್ಚುಗಳ ನಡುವೆ ಅಗಲ ಸಂದಿರುವ ಕಿರಿದಾದ ಟಾಯರು ಎರೆ ಮಣ್ಣನ್ನು ಬೇಗ ಉದುರಿಸುತ್ತದೆ. ಕೆಸರಿನ ದಿನ ಗಾಳಿಯನ್ನು 28 ಪೌಂಡಿನಿಂದ 18-20ಕ್ಕೆ ಇಳಿಸಿ ನಿಧಾನ ಓಡಿಸಿದರೆ ಹಿಡಿತ ಸುಧಾರಿಸುತ್ತದೆ. ಡಾಂಬರು ರಸ್ತೆಗೆ ಬಂದೊಡನೆ ಮತ್ತೆ ತುಂಬಿಸಬೇಕು.

ಕೊಳ್ಳಲು ಇಟ್ಟ ಹಣವನ್ನೆಲ್ಲ ಗಾಡಿಗೇ ಸುರಿಯದೆ, ನಾಲ್ಕರಲ್ಲಿ ಒಂದು ಪಾಲನ್ನಾದರೂ ಮೊದಲ ವರ್ಷದ ದುರಸ್ತಿಗೆಂದು ತೆಗೆದಿಡಬೇಕು. ಹಳೆಯ ಜೀಪು ಈ ಪಾಲನ್ನು ಕೇಳದೆ ಬಿಡುವುದು ಅಪರೂಪ.

ಕಾಗದಪತ್ರ

ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಆರ್.ಸಿ. ಪುಸ್ತಕದೊಡನೆ ಸ್ವತಃ ತಾಳೆ ನೋಡಬೇಕು. ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು, ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ತೀರುವಳಿ ಪತ್ರ ಮತ್ತು 35ನೆಯ ನಮೂನೆ ಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಯಾಗಿ ಐದೈದು ವರ್ಷಕ್ಕೆ ನವೀಕರಣ. ಇದರ ಶುಲ್ಕ 2022ರಿಂದ ಬಹಳ ಏರಿದೆಯಾದ್ದರಿಂದ ಚೌಕಾಶಿಯಲ್ಲಿ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊರ ರಾಜ್ಯದ ಗಾಡಿ ಅಗ್ಗವೆಂದು ಕಂಡರೂ ಅಲ್ಲಿಯ ನಿರಾಕ್ಷೇಪಣಾ ಪತ್ರ, ಇಲ್ಲಿಯ ತೆರಿಗೆ ಸೇರಿದಾಗ ಅಗ್ಗತನ ಕರಗುತ್ತದೆ.

ಹಿಂದೆ ಸರಕಾರಿ ಇಲಾಖೆಗಳ ಹಳೆಯ ಜೀಪುಗಳನ್ನು ಹರಾಜಿನಲ್ಲಿ ಹಿಡಿದು ರಿಪೇರಿ ಮಾಡಿಸಿ ಓಡಿಸುವ ರೂಢಿಯಿತ್ತು. ಕೇಂದ್ರದ ನಿಯಮದಂತೆ 1 ಏಪ್ರಿಲ್ 2023ರಿಂದ 15 ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿ ರದ್ದಾಗಿ ಅವು ಗುಜರಿಗೇ ಹೋಗಬೇಕು. ಅಂಥ ಗಾಡಿಯನ್ನು ಯಾರಾದರೂ ತೋರಿಸಿದರೆ ದೂರವಿರುವುದು ಕ್ಷೇಮ. ಖಾಸಗಿ ಗಾಡಿಯಲ್ಲಿ ಬಾಡಿಗೆಗೆ ಆಳುಗಳನ್ನು ತುಂಬಿಕೊಂಡು ಹೋಗುವುದೂ ಸಲ್ಲದು. ಅವಘಡವಾದರೆ ವಿಮಾ ಕಂಪನಿ ಕೈಯೆತ್ತುತ್ತದೆ, ಹೊಣೆ ಒಡೆಯನ ಹೊಲದ ಮೇಲೆ ಬರುತ್ತದೆ.

ಗಾಡಿ ಮನೆಗೆ ಬಂದ ಮೇಲೆ

ಗಾಡಿಯಲ್ಲಿ ಸದಾ ಒಂದು ಸಲಿಕೆ, ಗಟ್ಟಿ ಹಗ್ಗ, ನಾಲ್ಕು ಹಳೆಯ ಗೋಣಿಚೀಲ ಮತ್ತು ಜಾಕಿನ ಅಡಿಗೆ ಇಡಲು ಅಗಲವಾದ ಹಲಗೆ ಇರಬೇಕು. ಹಲಗೆಯಿಲ್ಲದೆ ಎರೆಯಲ್ಲಿ ಜಾಕು ಹಚ್ಚಿದರೆ ಗಾಡಿ ಮೇಲೇಳುವ ಬದಲು ಜಾಕೇ ಕೆಳಗಿಳಿಯುತ್ತದೆ. ಗಾಲಿ ಬರಿದೆ ತಿರುಗತೊಡಗಿದ ಕೂಡಲೇ ಎಕ್ಸಲೇಟರಿನಿಂದ ಕಾಲು ತೆಗೆದು, ಕೆಳಗಿಳಿದು, ಗಾಲಿಯ ಮಣ್ಣು ಕೆರೆದು, ಬಂದ ಜಾಡಿನಲ್ಲಿಯೇ ಹಿಂದಕ್ಕೆ ತೆಗೆಯಬೇಕು.

ಮಲಪ್ರಭೆ, ಬೆಣ್ಣೆಹಳ್ಳಗಳು 2009ರಲ್ಲಿಯೂ 2019ರಲ್ಲಿಯೂ ಉಕ್ಕಿ ಹರಿದುದನ್ನು ಈ ಭಾಗದವರು ಮರೆತಿಲ್ಲ. ಕೆಸರಿನಲ್ಲಿ ಹಗುರುತನ ಗುಣವಾದರೆ ಹರಿಯುವ ನೀರಿನಲ್ಲಿ ಅದೇ ದೋಷ. ಮೊಣಕಾಲು ಮಟ್ಟದ ಸೆಳವು ಸಾಕು, ಒಂದು ಟನ್ನಿನ ಗಾಡಿಯನ್ನು ಪಕ್ಕಕ್ಕೆ ನೂಕಲು. ಅಲ್ಲಿ ಫೋರ್‌ವ್ಹೀಲಿನಿಂದ ಏನೂ ಆಗದು. ನಿಂತ ನೀರನ್ನು ದಾಟಿದ್ದರೆ ಮನೆಗೆ ಬಂದ ಮೇಲೆ ಬ್ರೇಕು ಒಣಗಿಸಿ, ಮುಂದಿನ ಹಬ್ಬುಗಳಿಗೆ ಗ್ರೀಸು ತುಂಬಿಸಿ, ಎರಡೂ ಆಕ್ಸಲ್ಲುಗಳ ಎಣ್ಣೆಯ ಬಣ್ಣವನ್ನು ಅದೇ ವಾರ ಇನ್ನೊಮ್ಮೆ ನೋಡಬೇಕು.